ಕೆಂಪು ಗೆರೆ ಎಳೆದ ಹೆಸರು

ಮಧುಗಿರಿಯಲ್ಲಿ ನಮ್ಮ ಸಭೆ ದೊಡ್ಡದಲ್ಲ. ಭಾನುವಾರದ ಆರಾಧನೆಗೆ ನಲವತ್ತು ಜನ ಸೇರಿದರೆ ಪಾದ್ರಿ ಅಯ್ಯನವರ ದನಿಯೇ ಬೇರೆಯಾಗುತ್ತದೆ. ಗುರುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟಕ್ಕೆ ಬರುವವರು ಹನ್ನೆರಡು, ಹದಿನೈದು. ಬಡವನಹಳ್ಳಿಯಿಂದ ಇಬ್ಬರು, ಪುರವರದಿಂದ ಒಬ್ಬ ಅಜ್ಜಿ ಬಸ್ಸಿನಲ್ಲಿ ಬರುತ್ತಾರೆ, ಉಳಿದವರು ಊರಿನವರೇ. ನಾನೂ ನನ್ನ ಹೆಂಡತಿಯೂ ಮದುವೆಯಾದ ವರ್ಷದಿಂದ ಈ ಕೂಟದಲ್ಲಿದ್ದೆವು. ನಮ್ಮಿಬ್ಬರ ಅಪ್ಪಂದಿರೂ ಇದೇ ಸಭೆಯವರು.

ಕೂಟಕ್ಕೆ ಒಂದು ಕ್ರಮವಿದೆ. ಮೊದಲು ಎರಡು ಹಾಡು. ಆಮೇಲೆ ಸಾಕ್ಷಿ: ದೇವರು ತನಗೆ ಮಾಡಿದ ಉಪಕಾರವನ್ನು ಯಾರಾದರೂ ಎದ್ದು ನಿಂತು ಹೇಳಬೇಕು. ಅದಾದ ಮೇಲೆ, ಶಾಲೆಯಿಂದ ನಿವೃತ್ತರಾದ ಟೀಚರಮ್ಮ ನೋಟ್‌ಬುಕ್ಕು ತೆಗೆಯುತ್ತಾರೆ. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆಯುತ್ತಾರೆ. ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ಸಾಕ್ಷಿ ಬಂದ ದಿನ ಆ ಹೆಸರಿನ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆಯುತ್ತಾರೆ. ಅಯ್ಯನವರು "ಸ್ತೋತ್ರ" ಎನ್ನುತ್ತಾರೆ, ನಾವೆಲ್ಲ "ಆಮೆನ್" ಎನ್ನುತ್ತೇವೆ. ಗೆರೆ ಎಳೆದ ಹೆಸರನ್ನು ಮತ್ತೆ ಬರೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನನ್ನ ಕಸುಬು ಮೋಟರ್ ರಿವೈಂಡಿಂಗ್. ಬೋರ್‌ವೆಲ್ಲಿನ ಸುಟ್ಟ ಮೋಟರು ಬಿಚ್ಚಿ ಹೊಸ ತಂತಿ ಸುತ್ತುತ್ತೇನೆ. ಸುತ್ತಿದ ಮೇಲೆ ನೀರಿನ ಡ್ರಮ್ಮಿನಲ್ಲಿ ಒಂದು ಗಂಟೆ ಓಡಿಸಿ ನೋಡದೆ ಯಾವ ಮೋಟರನ್ನೂ "ಆಯ್ತು" ಎಂದು ಕೊಟ್ಟವನಲ್ಲ. "ಸಾಕು ಬುಡಣ್ಣ, ಮಗೀನ ನೀರಾಗೆ ಕೂರ್ಸ್ದಂಗೆ ಕೂರ್ಸ್ಕಂಡು ಕುಂತೀಯ" ಎಂದು ಗೌಡಗೆರೆ ಕಡೆಯವರು ಬಾಗಿಲಲ್ಲಿ ನಿಂತು ಆಡಿಕೊಂಡರೂ ಕೊಟ್ಟಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ.

ಹೆಂಡತಿಯ ಎರಡೂ ಕಿಡ್ನಿ ಸೋಲುತ್ತಿವೆ ಎಂದು ತುಮಕೂರಿನ ಡಾಕ್ಟರು ಹೇಳಿದ ವಾರ ಅವಳ ಹೆಸರು ನೋಟ್‌ಬುಕ್ಕಿಗೆ ಸೇರಿತು. ನಾಲ್ಕು ತಿಂಗಳು ಎಲ್ಲರೂ ಪ್ರಾರ್ಥಿಸಿದರು. ಪುರವರದ ಅಜ್ಜಿ ಶುಕ್ರವಾರ ಉಪವಾಸ ಹಿಡಿದರು. ಐದನೆಯ ತಿಂಗಳ ರಕ್ತಪರೀಕ್ಷೆ ನೋಡಿ ಡಾಕ್ಟರು ಎರಡು ಮಾತು ಹೇಳಿದರು. "ಕ್ರಿಯಾಟಿನಿನ್ ಈಗ ಸ್ವಲ್ಪ ಇಳಿದಿದೆ. ಮುಂದಿನ ತಿಂಗಳು ಮತ್ತೆ ನೋಡೋಣ."

ನಾನು ಮೊದಲನೆಯ ಮಾತನ್ನು ಮಾತ್ರ ಮನೆಗೆ ತಂದೆ. ಆ ಗುರುವಾರ ಕೂಟದಲ್ಲಿ ಎದ್ದು ನಿಂತು "ನನ್ನ ಹೆಂಡತಿಗೆ ವಾಸಿಯಾಗಿದೆ" ಎಂದೆ. ಇಳಿದಿದೆ ಎನ್ನಲಿಲ್ಲ, ವಾಸಿಯಾಗಿದೆ ಎಂದೆ. ಎದುರು ಗೋಡೆಗೆ ಒರಗಿ ಹೆಂಗಸರ ನಡುವೆ ಕೂತಿದ್ದ ಅವಳು ನನ್ನನ್ನು ನೋಡಿ ತಲೆಯನ್ನು ಒಂದೇ ಸಲ, ಸ್ವಲ್ಪವೇ, ಅತ್ತಿತ್ತ ಆಡಿಸಿದಳು. ನಾಚಿಕೆ ಎಂದುಕೊಂಡೆ. ಟೀಚರಮ್ಮ ಸ್ಕೇಲು ತೆಗೆದರು.

ಮುಂದಿನ ತಿಂಗಳ ರಿಪೋರ್ಟು ಬಂದದ್ದು ಒಂದು ಶುಕ್ರವಾರ. ಏರಿತ್ತು, ಮೊದಲಿಗಿಂತ ಹೆಚ್ಚಾಗಿ. ಡಯಾಲಿಸಿಸ್‌ಗೆ ತಯಾರಾಗಬೇಕು ಎಂದರು. ಭಾನುವಾರ ಪಾವಗಡದ ಸಭೆಯಲ್ಲಿ ಸಾಕ್ಷಿ ಹೇಳಲು ನನ್ನನ್ನು ಕರೆಸುವಂತೆ ಅಯ್ಯನವರು ಮೊದಲೇ ಏರ್ಪಾಡು ಮಾಡಿದ್ದರು. "ಅಲ್ಲಿ ಹೇಳ್ಬುಡಿ, ಹಿಂಗಾಗೈತೆ ಅಂತ" ಎಂದಳು ಹೆಂಡತಿ. ಹೇಳುತ್ತೇನೆ ಎಂದೇ ಹೊರಟೆ.

ಹೇಳಲಿಲ್ಲ. ಅಲ್ಲಿ ನೂರಕ್ಕೆ ಕಡಿಮೆಯಿಲ್ಲದ ಜನ ಕೂತಿದ್ದರು, ಅಯ್ಯನವರು ಆಗಲೇ ನನ್ನ ಕಥೆಯನ್ನು ಅರ್ಧ ಹೇಳಿ ಮುಗಿಸಿದ್ದರು. ಉಳಿದರ್ಧವನ್ನು ನಾನು ಹೇಳಿದೆ. ಮುಗಿದ ಮೇಲೆ ಒಬ್ಬ ಮುದುಕ ಬಾಗಿಲ ಬಳಿ ನನ್ನ ಕೈ ಹಿಡಿದುಕೊಂಡ. ಮಾತಿನಲ್ಲಿ ಗಡಿಯಾಚೆಗಿನ ತೆಲುಗು ಹಳ್ಳಿಯವನು. "ನಿಜಂಗಾ ತಗ್ಗಿಪೋಯಿಂದಾ ಅಣ್ಣಾ? ನಮ್ ಮನೆಯಾಕೀಗೂ ಅದೇ ಐತೆ. ಪೂರ್ತಿ ಇಳೀತಾ?"

"ಹೌದು" ಎಂದೆ. ರಿಪೋರ್ಟು ನಾಲ್ಕು ಮಡಿಕೆಯಾಗಿ ನನ್ನ ಅಂಗಿಯ ಜೇಬಿನಲ್ಲಿತ್ತು.

ಮೊದಲ ಸಲ ಹೇಳಿದ್ದಕ್ಕೆ ಆಸೆ ಕಾರಣ ಎನ್ನಬಹುದು. ಎರಡನೆಯ ಸಲ ಗೊತ್ತಿದ್ದೇ ಹೇಳಿದೆ. ಆ ಮುದುಕನ ಮುಖ ನನಗೆ ಈಗಲೂ ನೆನಪಿದೆ. ಅವನ ಊರು ಕೇಳಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಏಳು ತಿಂಗಳು. ಡಯಾಲಿಸಿಸ್ ಶುರುವಾಯಿತು, ಮಂಗಳವಾರ ಮತ್ತು ಶುಕ್ರವಾರ. ಮೊದಲ ಬಸ್ಸಿಗೆ ಹೊರಡುತ್ತಿದ್ದೆವು. ಯಾರಾದರೂ ಕೇಳಿದರೆ, ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದಾಳೆ, ನೋಡಿಕೊಂಡು ಬರುತ್ತೇವೆ ಎನ್ನುತ್ತಿದ್ದೆವು. ಮಗಳು ಅಲ್ಲಿದ್ದದ್ದು ಮಾತ್ರ ನಿಜ. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಕಿಟಕಿಯ ಹತ್ತಿರವೇ ಎಳನೀರು ಮಾರುತ್ತಿದ್ದರು. ಅವಳಿಗೆ ಎಳನೀರು ಕೂಡದು, ನೀರೂ ಲೆಕ್ಕದಲ್ಲಿ. ದಿನಕ್ಕೆ ಮೂರು ಸಣ್ಣ ಲೋಟ. ಮಾತ್ರೆ ನುಂಗುವ ನೀರೂ ಅದರಲ್ಲೇ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬೆಟ್ಟದ ಬಂಡೆಯ ಕಾವು ರಾತ್ರಿಯವರೆಗೂ ಬಡಿಯುತ್ತದೆ. ಅವಳು ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಕೂರುತ್ತಿದ್ದಳು.

ಗುರುವಾರ ಮಾತ್ರ ತಪ್ಪಿಸಲಿಲ್ಲ. ಎಡಗೈಯಲ್ಲಿ ಸೂಜಿ ಚುಚ್ಚಿದ ಜಾಗ ಗಂಟುಗಟ್ಟಿತ್ತು. ಅದು ಕಾಣದಂತೆ ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಕೂಟ ಮುಗಿದ ಮೇಲೆ ಟೀ ಬರುತ್ತದೆ. ಬೇಡವೆಂದರೆ ಯಾಕೆ ಎನ್ನುತ್ತಾರೆ. ಅವಳು ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತು, ಯಾರೂ ನೋಡದಾಗ ತನ್ನದನ್ನು ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ನಾನು ಎಣಿಸದೇ ಇದ್ದದ್ದು ಇನ್ನೊಂದಿತ್ತು. ವಾಸಿಯಾದವಳೆಂದು ಕಾಯಿಲೆಯವರನ್ನು ಅವಳ ಮುಂದೆ ತಂದು ಕೂರಿಸತೊಡಗಿದರು. ಪುರವರದ ಅಜ್ಜಿ ಪ್ರತಿವಾರ ಅವಳ ಎಡಗೈಯನ್ನೇ ಎಳೆದು ತಮ್ಮ ನೋವಿನ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು. "ಇಡವ್ವ, ಇಡು. ದೇವ್ರು ಮುಟ್ಟಿದ ಕೈ ಇದು." ಅವಳು ಕಣ್ಣು ಮುಚ್ಚಿ ಅಜ್ಜಿಗಾಗಿ ಪ್ರಾರ್ಥಿಸುತ್ತಿದ್ದಳು. ಅವಳಿಗಾಗಿ ಆ ಕೋಣೆಯಲ್ಲಿ ಯಾರೂ ಪ್ರಾರ್ಥಿಸುತ್ತಿರಲಿಲ್ಲ. ನನ್ನ ಪ್ರಾರ್ಥನೆಯೂ ಬಾಯಿಂದ ಹೊರಡುತ್ತಿರಲಿಲ್ಲ.

ಒಂದು ಬುಧವಾರ ಅಂಗಡಿಯಿಂದ ಬೇಗ ಬಂದೆ. ಅವಳು ಹಿತ್ತಿಲಲ್ಲಿ ಪಕ್ಕದ ಮನೆಯಾಕೆಯ ಜೊತೆ ಗೋಡೆಗೆ ಒರಗಿ ಮಾತಾಡುತ್ತಿದ್ದಳು. ಆಕೆ ಶಿವಭಕ್ತರ ಮನೆಯವರು, ಹಣೆತುಂಬ ವಿಭೂತಿ, ಬಾಯಿ ಸ್ವಲ್ಪ ಜೋರು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಅಲ್ಲ ಕಣಮ್ಮ, ಈ ಬಿಸ್ಲಾಗೆ ಉದ್ದ ತೋಳಿನ ರವಿಕೆ ಯಾಕೆ? ಸಿನಿಮಾಗೆ ಸೇರ್ಕಂಡಿದ್ದೀಯಾ?"

"ಸೇರ್ಕಂಡಂಗೇ ಅನ್ಕೊ ಅಕ್ಕಾ." ಅವಳು ತೋಳು ಮೇಲೆ ಸರಿಸಿ ತೋರಿಸಿದಳು.

"ಅಯ್ ಶಿವನೇ! ಇದನ್ನ ಮುಚ್ಚಿಟ್ಕಂಡು ಓಡಾಡ್ತಿದ್ದೀಯಾ? ನಿಮ್ ಪ್ರಾರ್ಥ್ನೆಯೋರಿಗೆ ಹೇಳಿದ್ದೀಯೇನು?"

"ಹೆಂಗೇಳ್ಲಿ? ನಂಗೆ ಕಾಯ್ಲೆ ಐತೆ ಅನ್ನೋಕೂ ಹಕ್ಕಿಲ್ಲ ಕಣಕ್ಕ. ನಮ್ ಯಜಮಾನ್ರು ಆಗ್ಲೇ ವಾಸಿ ಮಾಡ್ಬುಟ್ಟವ್ರೆ."

ಇಬ್ಬರೂ ನಕ್ಕರು. ಅವಳ ನಗು ಬೇಗ ನಿಂತಿತು. ನಾನು ಚಪ್ಪಲಿ ಬಿಚ್ಚದೆ ಮತ್ತೆ ಅಂಗಡಿಗೆ ಹೋದೆ. ಸುತ್ತಿ ಮುಗಿಸಿದ್ದ ಒಂದು ಮೋಟರನ್ನು ಡ್ರಮ್ಮಿಗೆ ಇಳಿಸಿ ಓಡಿಸಿದೆ. ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ಒಂದು ಗಂಟೆ ಮುಗಿದ ಮೇಲೂ ಸ್ವಿಚ್ಚು ಆರಿಸಲಿಲ್ಲ.

ಮರುದಿನ ಕೂಟವಿದ್ದದ್ದು ಟೀಚರಮ್ಮನ ಮನೆಯಲ್ಲಿ. ಸಾಕ್ಷಿಯ ಹೊತ್ತಿಗೆ ಎದ್ದೆ. ಎಲ್ಲರ ಮುಖದಲ್ಲೂ ನಗು. ಇನ್ನೊಂದು ಉಪಕಾರದ ಮಾತೇ ಬರುತ್ತದೆಂದು ಕಾಯುತ್ತಿದ್ದರು. ಡಾಕ್ಟರು ಹೇಳಿದ ಎರಡು ಮಾತನ್ನು ಹಾಗೇ ಹೇಳಿದೆ. ಪಾವಗಡದ ದಿನ ಜೇಬಿನಲ್ಲಿ ಏನಿತ್ತೆಂದು ಹೇಳಿದೆ. ಮಂಗಳವಾರ, ಶುಕ್ರವಾರ ಎಲ್ಲಿಗೆ ಹೋಗುತ್ತೇವೆಂದು ಹೇಳಿದೆ. "ಅವಳ ಹೆಸರನ್ನು ಮತ್ತೆ ಬರೆದುಕೊಳ್ಳಿ" ಎಂದು ಕೂತೆ.

ಬಡವನಹಳ್ಳಿಯ ಒಬ್ಬರು ನೆಲ ನೋಡುತ್ತ, "ವಿಶ್ವಾಸದಲ್ಲಿ ಎಲ್ಲೋ ಕಮ್ಮಿಯಾಗಿರ್ಬೇಕು ಬ್ರದರ್" ಎಂದರು. ಅಯ್ಯನವರು, "ಮೊದಲು ನನಗೊಬ್ಬನಿಗೆ ಹೇಳಬಹುದಿತ್ತು" ಎಂದು ನಿಲ್ಲಿಸಿದರು. ಪಾವಗಡಕ್ಕೆ ಏನು ಹೇಳುವುದೆಂದು ಅವರಿಗೂ ತೋಚಿರಲಿಕ್ಕಿಲ್ಲ.

ಆಗ ಪುರವರದ ಅಜ್ಜಿ ಕೂತಲ್ಲಿಂದಲೇ ಸರಿಯುತ್ತ ನನ್ನ ಹೆಂಡತಿಯ ಹತ್ತಿರ ಬಂದರು. "ಅಯ್ಯೋ ಮಗ್ಳೇ, ವಾರವಾರಾನೂ ಇದೇ ಕೈಯ ಎಳೆದು ಮಂಡಿ ಮ್ಯಾಲೆ ಇಟ್ಕಂಡ್ನಲ್ಲ. ನೋಯ್ತಿತ್ತೇನವ್ವಾ?"

"ಹ್ಞೂಂ ಅಜ್ಜಿ. ನೋಯ್ತಿತ್ತು."

ಅಷ್ಟು ಹೇಳಿ ಅವಳು ಎಲ್ಲರೆದುರಿಗೆ ಅತ್ತಳು. ಏಳು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಡೆ ನೋಡಲಿಲ್ಲ. ಟೀಚರಮ್ಮ ಹೊಸ ಸಾಲಿನಲ್ಲಿ ಅವಳ ಹೆಸರು ಬರೆದರು, ನೀಲಿಯಲ್ಲಿ. ಆ ದಿನ ಟೀ ಬಂದಾಗ ಅಜ್ಜಿಯೇ "ಅವ್ಳಿಗೆ ಬ್ಯಾಡ, ಆಗಾಕಿಲ್ಲ" ಎಂದರು.

ಬಡವನಹಳ್ಳಿಯವರು ಬರುವುದನ್ನು ಬಿಟ್ಟರು. ಉಳಿದವರು ಬಂದರು. ಟೀಚರಮ್ಮ ಒಂದೆರಡು ಮಂಗಳವಾರ ನನ್ನ ಬದಲು ತಾವೇ ಅವಳ ಜೊತೆ ತುಮಕೂರಿಗೆ ಹೋದರು. ಪಕ್ಕದ ಮನೆಯಾಕೆ ಉಪ್ಪಿಲ್ಲದ ಪಲ್ಯ ಮಾಡಿ ಗೋಡೆಯ ಮೇಲಿಂದ ಕೊಡುತ್ತಿದ್ದರು. ನಾನು ಎರಡು ಸಲ ಪಾವಗಡಕ್ಕೆ ಹೋಗಿ ಆ ಮುದುಕನನ್ನು ಹುಡುಕಿದೆ. ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಐದು ತಿಂಗಳು ಹೀಗೆ ಬದುಕಿದಳು, ಕಾಯಿಲೆಯವಳಾಗಿ, ಎಲ್ಲರ ನಡುವೆ. ಅವಳು ನನ್ನನ್ನು ದೂರಿ ಒಂದು ಮಾತೂ ಆಡಲಿಲ್ಲ. ಆ ಏಳು ತಿಂಗಳ ಬಗ್ಗೆ ನಾನು ಕೇಳಲೂ ಇಲ್ಲ.

ಅವಳನ್ನು ಮಣ್ಣು ಮಾಡಿ ಬಂದ ಮೂರನೆಯ ಗುರುವಾರ ಕೂಟಕ್ಕೆ ಹೋದೆ. ಹಾಡು ಮುಗಿಯಿತು. ಯಾರೂ ಸಾಕ್ಷಿ ಹೇಳಲಿಲ್ಲ, ನನ್ನೆದುರು ಸಂಕೋಚವಾಗಿರಬೇಕು. ಟೀಚರಮ್ಮ ನೋಟ್‌ಬುಕ್ಕು ತೆರೆದು, ಕೆಂಪು ಪೆನ್ನು ಕೈಯಲ್ಲಿ ಹಿಡಿದು, ಅವಳ ಹೆಸರಿದ್ದ ಹಾಳೆಗೆ ತಿರುವಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಇದನ್ನ ಏನು ಮಾಡ್ಲಿ ಬ್ರದರ್? ಗೆರೆ ಎಳೀಲಾ?"

ಹಾಳೆಯ ಮೇಲೆ ಅವಳ ಹೆಸರು ನೀಲಿಯಲ್ಲಿ ಹಾಗೇ ಇತ್ತು.

"ಬೇಡ. ಹಾಗೇ ಇರಲಿ" ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಪ್ರಾರ್ಥನೆಯಾಯಿತು, ಟೀ ಬಂತು. ಎಲ್ಲರೂ ಎದ್ದು ಮಾತಾಡುತ್ತ ನಿಂತರು. ನಾನು ಗೋಡೆಯ ಬಳಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ನಿಂತುಕೊಂಡೆ. ನನ್ನ ಲೋಟದಲ್ಲಿ ನನ್ನ ಪಾಲಿನ ಟೀ ಅಷ್ಟೇ ಇತ್ತು.