ಮೈನಸ್‌ನಲ್ಲಿ ಮಲಗಿದ ಮುಳ್ಳು

ಸುಗಟೂರಿನ ನಮ್ಮ ಮನೆಯಲ್ಲಿ ಯಾವ ವಸ್ತು ಗುಜರಿಗೆ ಹೋಗಬೇಕೆಂಬ ವಿಚಾರದಲ್ಲಿ ಅತ್ತೆಯ ಮಾತೇ ಕೊನೆ. ಆ ಸಲ ಅವರ ಕಣ್ಣು ಮಾವನ ಮೋಟರ್ ಸೈಕಲ್ ಮೇಲೆ ಬಿತ್ತು. ಆರು ವೋಲ್ಟಿನ ಓಬೀರಾಯನ ಕಾಲದ ಗಾಡಿ. ಮಾವನಿಗಿಂತ ಸ್ವಲ್ಪವೇ ಚಿಕ್ಕದು.

ಅತ್ತೆಯ ಸಿಟ್ಟಿಗೂ ಕಾರಣವಿತ್ತು ಅನ್ನಿ. ಸಂಕಷ್ಟಿ ಬಂದರೆ ಇಬ್ಬರೂ ಅದರಲ್ಲೇ ಕುರುಡುಮಲೆ ಗಣಪತಿಗೆ ಹೋಗುವುದು ರೂಢಿ. ಹೋಗುವಾಗ ಗಾಡಿಯದು ಮದುಮಗನ ಠೀವಿ. ಚಂದ್ರನ ದರ್ಶನ ಮುಗಿಸಿ ಹೆಡ್‌ಲೈಟು ಹಾಕಿಕೊಂಡು ವಾಪಸು ಹೊರಟರೆ, ಮುಳಬಾಗಿಲು ದಾಟುವಷ್ಟರಲ್ಲಿ ಬೆಳಕು ಮಂಕಾಗಿ, ಎರಡು ಸಲ ಕೆಮ್ಮಿ, ನಿಂತೇ ಬಿಡುತ್ತಿತ್ತು. ದಿನವಿಡೀ ಉಪವಾಸ ಇದ್ದ ಅತ್ತೆ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಹೆದ್ದಾರಿಯಲ್ಲಿ ಗಾಡಿ ತಳ್ಳಬೇಕು!

“ಈ ಸಂಕಷ್ಟಿಗೂ ನಿಂತ್ರೆ ಮಾರನೇ ದಿನಾನೇ ಗುಜರಿಯೋನ್ನ ಕರೆಸ್ತೀನಿ, ಅಷ್ಟೇ!” ಎಂದರು ಅತ್ತೆ.

ಮಾವ ಗಾಡಿಯ ಸೀಟನ್ನು ಮೆಲ್ಲಗೆ ಸವರಿದರು. ಅವರನ್ನು ನೋಡಿ ನನಗೆ ಪಾಪ ಅನ್ನಿಸಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆಗ್ಯಾಕೆ ಗಾಡಿ ಎಂದು ಬೀದಿಯವರು ಆಡಿಕೊಂಡರೂ, “ಕ್ಲಚ್ ಬಿಡಮ್ಮಾ, ನಾನಿದೀನಿ” ಎಂದು ಇದೇ ಗಾಡಿಯಲ್ಲಿ ಕಲಿಸಿದವರು ಅವರು. ಗುಜರಿಯಂತೆ ಗುಜರಿ! ನನಗೂ ಹಠ ಹತ್ತಿತು.

ನನ್ನ ಗಂಡನಿಗೆ ರೇಷ್ಮೆಹುಳು ಬಿಟ್ಟರೆ ಬೇರೇನೂ ತಿಳಿಯದು. ಫೋನಿನಲ್ಲಿ ವಿಡಿಯೋ ನೋಡಿಕೊಂಡು ನಾನೂ ಮಾವನೂ ಅಂಗಳದಲ್ಲಿ ಕೂತೆವು. ಹೆಡ್‌ಲೈಟಿನ ನೆತ್ತಿಯಲ್ಲಿ ಒಂದು ಪುಟ್ಟ ಮೀಟರಿದೆ. ಇಂಜಿನ್ ಜೋರಾದರೆ ಅದರ ಮುಳ್ಳು ಪ್ಲಸ್ ಕಡೆ ವಾಲಬೇಕು. ಬ್ಯಾಟರಿಗೆ ಕರೆಂಟು ಹೋಗುತ್ತಿದೆ ಎಂದರ್ಥ. ನಮ್ಮದು ಮೈನಸ್ ಕಡೆ ತಲೆ ಹಾಕಿ ಮಲಗಿತ್ತು. ಬ್ಯಾಟರಿ ಹೊಸದು. ಡೈನಮೋದಿಂದ ನೇರವಾಗಿ ಬಲ್ಬಿಗೆ ತಂತಿ ಕೊಟ್ಟರೆ ಝಗ್ಗೆಂದು ಉರಿಯಿತು. ಕರೆಂಟು ಹುಟ್ಟುತ್ತಿದೆ, ಬ್ಯಾಟರಿಗೆ ಸೇರುತ್ತಿಲ್ಲ.

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಕೂತಲ್ಲಿಂದಲೇ ತೀರ್ಪು ಕೊಟ್ಟರು. “ಹಸ ಹಾಲು ಕೊಡ್ತದೆ, ಕ್ಯಾನು ತುಂಬಲ್ಲ ಅಂದ್ರೆ ನಡುವೆ ಇರೋರ್ನ ಹಿಡ್ಕೊಂಡು ಕೇಳ್ರಿ.”

ನಡುವೆ ಇದ್ದದ್ದು ಸೀಟಿನ ಕೆಳಗಿನ ಕಪ್ಪು ಪೆಟ್ಟಿಗೆ, ಕಟೌಟು. ಡೈನಮೋ ತಿರುಗಿದಾಗ ಅದರೊಳಗಿನ ಪುಟ್ಟ ಬಾಗಿಲೊಂದು ತೆರೆದು ಬ್ಯಾಟರಿಗೆ ಕರೆಂಟು ಬಿಡಬೇಕು. ಬಾಗಿಲು ತೆರೆಯಬೇಕಾದರೆ ಪೆಟ್ಟಿಗೆಯ ಬುಡ ಗಾಡಿಯ ಬರೀ ಕಬ್ಬಿಣಕ್ಕೆ ತಾಗಿರಬೇಕು. ಬೋಲ್ಟು ಬಿಚ್ಚಿ ನೋಡಿದೆ. ಅಯ್ಯೋ ದೇವರೇ! ಬುಡಕ್ಕೂ ಬಣ್ಣ, ಅದು ಕೂರುವ ಜಾಗಕ್ಕೂ ಬಣ್ಣ, ಬೋಲ್ಟಿನ ಮೈಗೂ ಬಣ್ಣ. ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಪದರ ಪದರ. ಬಣ್ಣ ದಾಟಿ ಕರೆಂಟು ಹರಿಯುವುದಿಲ್ಲ.

ಅದು ಅತ್ತೆಯ ತವರಿನ ಕಟ್ಟಳೆ. ಆಯುಧಪೂಜೆಗೆ ಮುಂಚೆ ಮನೆಯ ಕಬ್ಬಿಣಕ್ಕೆಲ್ಲ ಹೊಸ ಬಣ್ಣ ಆಗಬೇಕು. ಹಳೇ ಮೈಗೆ ಕುಂಕುಮ ಇಡುವ ಹಾಗಿಲ್ಲ. ಮಾವ ವರ್ಷಾ ವರ್ಷಾ ಗಾಡಿಯ ಅಂಗಾಂಗ ಬಿಚ್ಚಿ ಭಕ್ತಿಯಿಂದ ಬಳಿದಿದ್ದರು. ಅತ್ತೆ ಪಕ್ಕದಲ್ಲಿ ನಿಂತು “ಸಂದೀಲೂ ಬಳೀರಿ” ಎಂದು ಬಳಿಸಿದ್ದರು.

ಅತ್ತೆ ಅಷ್ಟರಲ್ಲಿ ಅವರೆಕಾಳು ಎತ್ತಿಕೊಂಡು ಒಳಗೆ ಹೋಗಿದ್ದರು. ನನಗೆ ನಗು ತಡೆಯಲಾಗಲಿಲ್ಲ. “ಅತ್ತೆ ಸಿಕ್ಕಿಬಿದ್ರು ಮಾವ! ಕರೆದು ತೋರಿಸ್ತೀನಿ ಇರಿ” ಎಂದು ಎದ್ದೆ.

ಮಾವ ಗಾಬರಿಯಿಂದ ಕೈ ಅಡ್ಡ ಹಿಡಿದರು. “ಬೇಡ ಕಣಮ್ಮಾ. ಪಾಪ, ಎಷ್ಟು ಸಲ ತಳ್ಳವ್ಳೆ. ತನ್ನಿಂದ್ಲೇ ಅಂತ ಗೊತ್ತಾದ್ರೆ ನೊಂದ್ಕೋತಾಳೆ.”

ಇಷ್ಟು ವರ್ಷ ಬೈಸಿಕೊಂಡ ಮನುಷ್ಯ, ಕೈಗೆ ಬಂದ ಅಸ್ತ್ರವನ್ನು ಹೀಗೆ ಬಿಸಾಡುವುದೇ! ನನಗೇ ಸಿಟ್ಟು ಬಂತು, ಅವರ ಮೇಲೆ ಪ್ರೀತಿಯೂ ಉಕ್ಕಿತು. ಸದ್ದಿಲ್ಲದೆ ಬಣ್ಣ ಕೆರೆದು, ಎಮರಿ ಕಾಗದದಿಂದ ಉಜ್ಜಿ, ಪೆಟ್ಟಿಗೆ ಕೂರಿಸಿದೆವು. ಮಾವ ಕಿಕ್ ಹೊಡೆದು ಆಕ್ಸಿಲರೇಟರ್ ತಿರುವಿದರು. ಮುಳ್ಳು ಗಡಗಡ ನಡುಗಿ ಪ್ಲಸ್ ಕಡೆ ವಾಲಿತು. ಮಾವ ಮುಳ್ಳಿಗೇ ಕೈ ಮುಗಿದರು.

“ಏನಾಗಿತ್ರೀ?” ಎಂದರು ಸದ್ದು ಕೇಳಿ ಹೊರಗೆ ಬಂದ ಅತ್ತೆ.

“ಯಾವ್ದೋ ವೈರು ಸಡ್ಲ ಆಗಿತ್ತು ಕಣೇ.”

ಆ ಸಂಕಷ್ಟಿಯಂದು ನಾನು ಬಾಗಿಲಲ್ಲೇ ಕಾದಿದ್ದೆ. ಬೀದಿಯ ತುದಿಯಲ್ಲಿ ಹೆಡ್‌ಲೈಟು ಕಣ್ಣು ಕೋರೈಸುತ್ತಾ ಬಂತು. ಅತ್ತೆ ಇಳಿದು, ಮಡಿಕೆ ಕೆಡದ ಸೀರೆ ನೋಡಿಕೊಂಡು, “ಪರವಾಗಿಲ್ಲ” ಎಂದರು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು.

ಆಯುಧಪೂಜೆ ಬಂತು. ಅತ್ತೆ ತಾವೇ ಬಣ್ಣದ ಡಬ್ಬ ತಂದು ಮಾವನ ಮುಂದಿಟ್ಟರು. “ಎಲ್ಲಾ ಕಡೆ ಬಳೀರಿ. ಆ ಪೆಟ್ಟಿಗೆ ಬುಡಕ್ಕೆ ಮಾತ್ರ ಬೇಡ” ಎಂದು ಒಳಗೆ ನಡೆದರು.

ಮಾವ ಬ್ರಷ್ ಹಿಡಿದುಕೊಂಡೇ ನನ್ನತ್ತ ತಿರುಗಿದರು. “ನೀನ್ ಹೇಳ್ದ್ಯಾ?”

“ದೇವರಾಣೆ ಇಲ್ಲ ಮಾವ.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಅಂಗಳ ಗುಡಿಸೋಳು ನಾನು. ವೈರು ಸಡ್ಲ ಆದ್ರೆ ಆ ಪೆಟ್ಟಿಗೆ ಕೆಳಗೆ ಅಷ್ಟೊಂದು ಬಣ್ಣ ಉದುರ್ತದಾ?”