ಇದ್ದಿಲು ಬಸ್ಸು ತಳ್ಳಿದ ಭಾವಿ ಮಾವ

೧೯೪೩ನೇ ಇಸವಿ. ಯುದ್ಧ ನಡೆದದ್ದು ಎಲ್ಲೋ ದೂರದಲ್ಲಿ. ಪೆಟ್ರೋಲು ಮಾಯವಾದದ್ದು ಮಾತ್ರ ನಮ್ಮ ಕಂಪ್ಲಿ-ಹೊಸಪೇಟೆ ದಾರಿಯಲ್ಲಿ. ಬಸ್ಸುಗಳು ಇದ್ದಿಲಿನಿಂದ ಓಡತೊಡಗಿದ್ದವು. ಓಡತೊಡಗಿದ್ದವು ಅನ್ನುವುದು ಬರೀ ಬಾಯಿಮಾತು. ಬಸ್ಸಿನ ಬೆನ್ನಿಗೆ ಆಳೆತ್ತರದ ಡ್ರಮ್ಮೊಂದನ್ನು ಕಟ್ಟಿ, ಅದರೊಳಗೆ ಇದ್ದಿಲು ತುಂಬಿ, ಕೆಂಡ ಮಾಡಿ, ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು. ಅದಕ್ಕೆ ಮನಸ್ಸು ಬಂದಾಗ ಗ್ಯಾಸು ಎದ್ದು ಇಂಜಿನ್ನು ಕೆಮ್ಮುತ್ತಿತ್ತು. ಕೆಮ್ಮಿತೆಂದರೆ ಎಲ್ಲರೂ ಓಡಿ ಹೋಗಿ ಹತ್ತಿಕೊಳ್ಳಬೇಕು.

ನಾನು ಆಗ ಹೊಸಪೇಟೆಯ ಒಂದು ಶಾಲೆಯಲ್ಲಿ ಮೇಷ್ಟ್ರು. ಮನೆ ಬುಕ್ಕಸಾಗರದಲ್ಲಿ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅಪ್ಪ ತೀರಿಕೊಂಡಿದ್ದ. ಹಿತ್ತಲಿನಲ್ಲಿ ಬಾವಿ, ಒಂದು ಎಮ್ಮೆ, ಕಾಲುವೆ ಪಕ್ಕ ಒಂದಿಷ್ಟು ಬಾಳೆ ತೋಟ. ದಿನಾ ಆ ಬಸ್ಸಿನಲ್ಲೇ ನನ್ನ ತಿರುಗಾಟ. ಹೋಗುವಾಗ ಎರಡು ಗಂಟೆ, ಬರುವಾಗ ದೇವರು ಇಟ್ಟಷ್ಟು. ಶಾಲೆಯ ಹುಡುಗರು ನನ್ನನ್ನು ಬಸ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಹೆಡ್ಮೇಷ್ಟ್ರು ಮೊದಮೊದಲು ಬೈಯುತ್ತಿದ್ದರು, ಆಮೇಲೆ ನನ್ನ ಮುಖದ ಮೇಲಿನ ಮಸಿ ನೋಡಿ ಸುಮ್ಮನಾಗುತ್ತಿದ್ದರು.

ಹೊಸಪೇಟೆಯಲ್ಲೇ ಒಂದು ಮನೆ ಹಿಡಿಯಬಾರದೇ ಅಂತ ಯಾರೂ ಹೇಳಿರಲಿಲ್ಲವೆಂದಲ್ಲ. ನಾನೇ ನೂರು ಸಲ ತೂಗಿ ನೋಡಿದ್ದೆ. ಪೇಟೆಯಲ್ಲಿ ಶಾಲೆಗೆ ನಡೆದೇ ಹೋಗಬಹುದು, ಸಂಜೆ ಬೆಳಕಿರುವಾಗಲೇ ಮನೆ ಸೇರಬಹುದು. ಆದರೆ ಅಲ್ಲಿ ಸಿಗುವುದು ಒಂದು ಖೋಲಿ. ಪಕ್ಕದ ಮನೆಯವರು ಸೀನಿದರೆ ನಾವು ಚಿರಂಜೀವಿ ಅನ್ನಬೇಕು, ಗೋಡೆ ಅಷ್ಟು ತೆಳ್ಳಗೆ. "ಎಮ್ಮಿನ ಎಲ್ಲಿ ಕಟ್ಟೂದು? ಮೇಷ್ಟ್ರು ಮಲಗೋ ಜಾಗದಾಗ ಕಟ್ಟೂದೇನು?" ಅಂತ ಅವ್ವ ಕೇಳುತ್ತಿದ್ದಳು. ಹಾಗಾಗಿ ಮರುದಿನ ಬೆಳಿಗ್ಗೆ ಮತ್ತೆ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದೆ.

ಈ ಬಸ್ಸಿನ ದೆಸೆಯಿಂದ ಆಗಲೇ ಎರಡು ಸಂಬಂಧ ಮುರಿದುಬಿದ್ದಿದ್ದವು. "ಗಂಡು ಚಲೋ ಅದಾನ, ಆದ್ರ ಮನ್ಯಾಗ ಯಾವಾಗ ಇರ್ತಾನ?" ಅಂತ ಹೆಣ್ಣಿನವರು ಎದ್ದು ಹೋಗಿದ್ದರು. ಮೂರನೆಯದು ಹೊಸಪೇಟೆಯ ಬಟ್ಟೆ ಅಂಗಡಿ ವೀರಭದ್ರಪ್ಪನವರ ಮಗಳು ನೀಲಮ್ಮ. ಹೆಣ್ಣು ನೋಡಲು ಹೋದಾಗ ನಾನು ಗಾಬರಿಯಲ್ಲಿ ಉಪ್ಪಿಟ್ಟಿನ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕಿದ್ದೆ. ಆ ಹುಡುಗಿ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದ್ದಳು. ಅವತ್ತೇ ನನ್ನ ಮನಸ್ಸು ಅಲ್ಲಿ ನಿಂತುಬಿಟ್ಟಿತು. ಮದುವೆ ಆದರೆ ಇವಳನ್ನೇ ಅಂತ ಅವ್ವನಿಗೆ ಹೇಳಿಬಿಟ್ಟೆ.

ಪದ್ಧತಿಯಂತೆ ಹೆಣ್ಣಿನವರು ಮನೆ ನೋಡಲು ಬಂದರು. ವೀರಭದ್ರಪ್ಪನವರೂ ಅವರ ತಾಯಿ ಗೌರಮ್ಮಜ್ಜಿಯೂ ಸಂಬಂಧಿಕರ ಸವಾರಿ ಬಂಡಿಯಲ್ಲಿ ಬಂದು ಬಾವಿ ನೋಡಿದರು, ಎಮ್ಮೆ ನೋಡಿದರು, ತೋಟ ನೋಡಿದರು, ರಾತ್ರಿ ಉಳಿದರು. ಎಲ್ಲ ಒಪ್ಪಿಗೆಯಾದಂತೆ ಕಂಡಿತು. ಊಟವಾದ ಮೇಲೆ ವೀರಭದ್ರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು. "ಮನಿ ನೋಡಿದ್ವಿ, ಭಾಳ ಸಂತೋಷ. ಇನ್ನ ದಾರೀನೂ ಒಮ್ಮೆ ನೋಡೂಣು. ನಾಳೆ ಮುಂಜಾನೆ ಮೇಷ್ಟ್ರ ಜೋಡಿ ಬಸ್ಸಿನ್ಯಾಗ ಹೋಗ್ತೀವಿ. ಬಂಡಿ ವಾಪಸ್ ಕಳಿಸೇನಿ."

ಮನೆಯನ್ನಾದರೆ ಸಾರಿಸಿ ಗುಡಿಸಿ ತೋರಿಸಬಹುದು. ಬಸ್ಸನ್ನು ಏನು ಮಾಡುವುದು?

ಮರುದಿನ ಬಸ್ಸು ಬಂದು ನಿಂತದ್ದೇ ತಡ, ಡ್ರೈವರ್ ಮಾಬುಸಾಬನ ಕಿವಿಯಲ್ಲಿ ಹೇಳಿದೆ. "ಇವತ್ತೊಂದಿನ ಮರ್ಯಾದಿ ಉಳಸಪ್ಪ, ನನ್ನ ಮದುವಿ ನಿನ್ನ ಕೈಯಾಗೈತಿ."

"ನನ್ನ ಕೈಯಾಗೇನೈತಿ ಮೇಷ್ಟ್ರ? ಎಲ್ಲಾ ಇದ್ಲಿ ಕೈಯಾಗೈತಿ" ಅಂದ ಅವನು. ಆದರೂ ಒಳ್ಳೆಯವನು, ಅಜ್ಜಿಗೆ ತನ್ನ ಪಕ್ಕದ ಸೀಟನ್ನೇ ಬಿಡಿಸಿಕೊಟ್ಟ. ಅಜ್ಜಿ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಅವ್ವ ಕೊಟ್ಟ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯ ಹಾಗೆ ಕೂತರು. ಬಸ್ಸು ಹೊರಟಿತು. ಆಶ್ಚರ್ಯವೆಂದರೆ ಚೆನ್ನಾಗಿಯೇ ಹೋಯಿತು. "ಅಂಥಾದ್ದೇನಿಲ್ಲಲ್ಲ" ಅಂದರು ವೀರಭದ್ರಪ್ಪನವರು. ನಾನು ವಿರೂಪಾಕ್ಷನಿಗೆ ಮನಸ್ಸಿನಲ್ಲೇ ಕಾಯಿ ಒಡೆಸಿದೆ.

ಕಮಲಾಪುರಕ್ಕೆ ಮುಂಚೆ ಬಂಡೆಗಳ ನಡುವೆ ಒಂದು ಏರು ಇತ್ತು. ಅಲ್ಲಿಗೆ ಬಂದದ್ದೇ ಬಸ್ಸು ಏದುಸಿರು ಬಿಟ್ಟು ನಿಂತುಕೊಂಡಿತು. ಮಾಬುಸಾಬ ಹಿಂದೆ ತಿರುಗಿ ಕೂಗಿದ. "ಗಂಡಸ್ರೆಲ್ಲಾ ಇಳೀರಿ, ಜಲ್ದಿ!"

ದಿನದ ಮಂದಿ ಗೊಣಗದೆ ಇಳಿದರು. ನಾನು ವೀರಭದ್ರಪ್ಪನವರಿಗೆ ವಿನಯದಿಂದ, "ನೀವು ಕುಂದ್ರಿ. ವಯಸ್ಸಾದವರು ಇಳೀಬೇಕಂತಿಲ್ಲ" ಅಂದೆ.

ಇದು ನಾನು ಆಡಬಾರದ ಮಾತಾಗಿತ್ತು. "ಯಾರಿಗೆ ವಯಸ್ಸಾಗೈತಿ?" ಅಂದವರೇ ರುಮಾಲು ತೆಗೆದು ಸೀಟಿನ ಮೇಲಿಟ್ಟು, ಧೋತರ ಎತ್ತಿ ಕಟ್ಟಿ, ಇಳಿದು ಹೋಗಿ ಸರಿಯಾಗಿ ಡ್ರಮ್ಮಿನ ಪಕ್ಕವೇ ಹೆಗಲು ಕೊಟ್ಟರು. ಅಲ್ಲಿ ನಿಲ್ಲಬೇಡಿ ಅಂತ ಹೇಳುವಷ್ಟರಲ್ಲಿ ಡ್ರಮ್ಮು ಬುಸ್ಸೆಂದು ಅವರ ಮುಖದ ಮೇಲೆ ಮಸಿ ಉಗುಳಿತು. ಇನ್ನು ಅವರೊಬ್ಬರನ್ನೇ ಬಿಡುವುದು ಹೇಗೆ? ನಾನೂ ಅವರ ಪಕ್ಕದಲ್ಲೇ ನಿಂತು ತಳ್ಳಿದೆ. ನನ್ನ ಪಾಲಿನ ಮಸಿ ನನಗೂ ಬಂತು.

ಈ ಬಸ್ಸಿನದೊಂದು ನಿಯಮವಿತ್ತು. ಏರು ಹತ್ತಿದ ಮೇಲೆ ಡ್ರೈವರ್ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಗ್ಯಾಸು ಇಳಿದು ಮತ್ತೆ ಮೊದಲಿನಿಂದ ಎಲ್ಲ ಶುರು ಮಾಡಬೇಕು. ತಳ್ಳಿದವರು ಓಡುತ್ತಲೇ ಹಿಂದಿನ ಬಾಗಿಲ ಸರಳು ಹಿಡಿದು ಹಾರಿಕೊಳ್ಳಬೇಕು. ದಿನದ ಮಂದಿ ಒಬ್ಬೊಬ್ಬರೇ ಹಾರಿಕೊಂಡರು. ಉಳಿದವರು ನಾವಿಬ್ಬರು. ಬಾಗಿಲ ಹತ್ತಿರಕ್ಕೂ ಬಂದೆವು.

ನಾನು ಓಡುತ್ತಲೇ ಕೈ ತೋರಿಸಿ, "ಹತ್ರಿ, ನೀವು ಮೊದಲ" ಅಂದೆ.

ಅವರೂ ಓಡುತ್ತಲೇ, "ಛೇ ಛೇ! ನೀವು ಗಂಡಿನ ಕಡಿಯವ್ರು. ನೀವು ಮೊದಲ ಹತ್ತಬೇಕು" ಅಂದರು.

"ನೀವು ಹಿರೇರ್ರೀ!"

"ಹೆಣ್ಣು ಕೊಡೋರು ನಾವ್ರೀ! ಮುಂದ ಹತ್ತಿದ್ರ ಮಂದಿ ಏನಂದಾರು?"

"ಇಲ್ಲಿ ಯಾವ ಮಂದಿ ಅದಾರ್ರೀ? ಹತ್ರಿ!"

"ಆಗಂಗಿಲ್ಲ, ಹತ್ರಿ ನೀವು!"

ಇಷ್ಟು ಮರ್ಯಾದೆ ವಿನಿಮಯವಾಗುವಾಗ ಬಸ್ಸು ಇಳಿಜಾರಿಗೆ ಬಿದ್ದಿತ್ತು. ಬಾಗಿಲಲ್ಲಿದ್ದವರು ಕೈ ಚಾಚಿ "ಬರ್ರಿ, ಬರ್ರಿ" ಅಂತ ಕೂಗುತ್ತ ಕೂಗುತ್ತ ಸಣ್ಣಗಾದರು. ವೀರಭದ್ರಪ್ಪನವರ ಒಂದು ಚಪ್ಪಲಿ ಹಾರಿ ಜಾಲಿ ಗಿಡದಲ್ಲಿ ಸಿಕ್ಕಿಕೊಂಡಿತು. ಬಸ್ಸು, ರುಮಾಲು, ಗೌರಮ್ಮಜ್ಜಿ ಮೂರೂ ಹೊಗೆಯೊಳಗೆ ಮರೆಯಾದವು.

ಚಪ್ಪಲಿ ಬಿಡಿಸಿಕೊಂಡು ನಡೆಯತೊಡಗಿದೆವು. ಸ್ವಲ್ಪ ದೂರ ಹೋದ ಮೇಲೆ ಅವರೇ ಶುರು ಮಾಡಿದರು. "ನೀವು ಮೊದಲ ಹತ್ತಿದ್ರ ನಾನೂ ಹತ್ತತಿದ್ದೆ."

"ನೀವು ಹತ್ತಿದ್ರ ನಾನು ನಿಮ್ಮ ಹಿಂದ ಇರ್ತಿದ್ದೆ" ಅಂದೆ. ನನಗೂ ರೇಗಿತ್ತು. "ಅಲ್ರೀ, ಓಡೋ ಬಸ್ಸಿನ ಮುಂದ ಬೀಗತನ ಮಾಡ್ಕೊಂತ ನಿಂತ್ರ ಹೆಂಗ್ರೀ?"

"ನಾನು ಮಾಡಿದ್ನೋ, ನೀವು ಮಾಡಿದ್ರೋ?"

ಹೀಗೆ ಒಬ್ಬರಿಗೊಬ್ಬರು ಬಹುವಚನದಲ್ಲೇ ಜಗಳವಾಡುತ್ತ ಕಮಲಾಪುರದ ಕೆರೆಯವರೆಗೆ ಬಂದೆವು. ಅಲ್ಲಿ ಅವರು ನಿಂತು, ಉಸಿರು ಸುಧಾರಿಸಿಕೊಂಡು ಕೇಳಿದರು. "ಖರೇ ಹೇಳ್ರಿ. ದಿನಾ ಹಿಂಗ ಏನು?"

ಸುಳ್ಳು ಹೇಳಬಹುದಿತ್ತು. ಅಷ್ಟು ಮಸಿ ಮೆತ್ತಿಕೊಂಡ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದಿನಾ ಅಲ್ರೀ. ವಾರದಾಗ ಎರಡು ಸಲ ಆಗಬಹುದು" ಅಂದೆ.

"ಹಂಗಾದ್ರ ಕೇಳ್ರಿ. ಹೊಸಪ್ಯಾಟ್ಯಾಗ ಮನಿ ಹಿಡೀರಿ, ಮಗಳನ್ನ ಕೊಡ್ತೀನಿ. ಇಲ್ಲಂದ್ರ ಇಲ್ಲಿಗೇ ಬಿಡೂಣು."

ಮುಂದೆ ಹೊಸಪೇಟೆಗೆ ಹೋಗುವ ಬಾಳೆಗೊನೆಯ ಬಂಡಿಯೊಂದು ಸಿಕ್ಕಿತು. ಗೊನೆಗಳ ಮೇಲೆ ಆ ಕಡೆ ಅವರು, ಈ ಕಡೆ ನಾನು ಮುಖ ತಿರುಗಿಸಿ ಕೂತೆವು. ನನಗೆ ಅಳು ಬರುವುದೊಂದು ಬಾಕಿ. ಒಂದು ಕಡೆ ಸೆರಗು ಮುಚ್ಚಿಕೊಂಡು ನಕ್ಕ ಹುಡುಗಿ, ಇನ್ನೊಂದು ಕಡೆ ಎಮ್ಮೆಯ ಹಗ್ಗ ಹಿಡಿದು ನಿಂತ ಅವ್ವ. ಅನಂತಶಯನಗುಡಿ ದಾಟುವ ಹೊತ್ತಿಗೆ ಸೋತುಬಿಟ್ಟೆ. ಆಗಲಿ, ಎಮ್ಮೆ ಮಾರಿ ಖೋಲಿ ಹಿಡಿಯುತ್ತೇನೆ ಅಂತ ಹೇಳಿಬಿಡೋಣ ಅಂದುಕೊಂಡೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಓಣಿ ಬಂದಿತ್ತು.

ಬಾಗಿಲು ತಟ್ಟಿದೆವು. ತೆರೆದವಳು ನೀಲಮ್ಮ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇದ್ಲಿ ಬ್ಯಾಡ್ರಪ, ಮೊನ್ನೆ ತಗೊಂಡೀವಿ. ಮುಂದಿನ ಮನಿಗೆ ಹೋಗ್ರಿ" ಅಂದು ಬಾಗಿಲು ಹಾಕಿಕೊಂಡಳು.

"ಲೇ ನೀಲೂ, ನಾನಲೇ ನಿಮ್ಮಪ್ಪ!" ಅಂತ ವೀರಭದ್ರಪ್ಪನವರು ಅರಚಿದರು. ಬಾಗಿಲು ಮತ್ತೆ ತೆರೆಯಿತು. ಈ ಸಲ ಅವಳು ಸೆರಗು ಹುಡುಕಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಒಳಗೆ ಗೌರಮ್ಮಜ್ಜಿ ಆರಾಮಾಗಿ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಮಗನ ರುಮಾಲು. "ಅವ್ವಾ, ಈ ಸಂಬಂಧ..." ಅಂತ ವೀರಭದ್ರಪ್ಪನವರು ಬಾಯಿ ತೆಗೆದರು.

"ಮುಗೀತಲ್ಲ" ಅಂದರು ಅಜ್ಜಿ. "ಮೇಷ್ಟ್ರ ಅವ್ವ ಹೊಸಾ ಬೆಲ್ಲ ಕಟ್ಟಿಕೊಟ್ಟಿದ್ಲು. ಬಸ್ಸಿನ್ಯಾಗ ಎಲ್ಲಾರಿಗೂ ಹಂಚಿಬಿಟ್ಟೆ."

ನಮ್ಮ ಕಡೆ ಸಂಬಂಧ ಗಟ್ಟಿಯಾದರೆ ನಾಲ್ಕು ಜನರ ಕೈಗೆ ಸಕ್ಕರೆಯನ್ನೋ ಬೆಲ್ಲವನ್ನೋ ಹಾಕುತ್ತಾರೆ. ಒಮ್ಮೆ ಹಾಕಿದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅಜ್ಜಿ ನಾಲ್ಕು ಜನರಿಗಲ್ಲ, ಬಸ್ಸು ತುಂಬ ಹಾಕಿದ್ದರು. ಡ್ರೈವರನಿಗೂ ತಿನ್ನಿಸಿದ್ದರಂತೆ.

"ನನ್ನ ಒಂದು ಮಾತು ಕೇಳಬ್ಯಾಡೇನವ್ವ?" ಅಂದರು ವೀರಭದ್ರಪ್ಪನವರು.

"ನೀನೆಲ್ಲಿದ್ದಿ ಕೇಳಾಕ? ಹಿಂದ ಓಡಕತ್ತಿದ್ದಿ" ಅಂದರು ಅಜ್ಜಿ. "ಮನಿಗೆ ಹೋಗಿ ಮನಿ ಮಂದಿನ್ನ ಕೇಳಿದ್ರ ಎಲ್ಲಾ ಗಂಡೂ ಬಂಗಾರಾನ. ಅದಕ್ಕ ಬಸ್ಸಿನ ಮಂದಿನ್ನ ಕೇಳಿದೆ, ಅವರಿಗೆ ಸುಳ್ಳು ಹೇಳಾಕ ಏನು ಬಿದ್ದೈತಿ? ಈತ ಹಸದಾಗ, ಬೆವತಾಗ, ತಡಾದಾಗ ಹೆಂಗಿರ್ತಾನ ಅಂತ ಅವರು ದಿನಾ ನೋಡ್ಯಾರ. ಆ ಹಾಳು ಬಸ್ಸಿನ್ಯಾಗ ಇಷ್ಟು ದಿನ ತಿರುಗಿ ಒಮ್ಮೆನೂ ಯಾರ ಮ್ಯಾಲೂ ಹರಿಹಾಯ್ದಿಲ್ಲಂತ. ಇಂಥಾವ ಹೆಂಡ್ತಿ ಮ್ಯಾಲ ಹರಿಹಾಯ್ತಾನ?"

"ನನ್ನ ಮ್ಯಾಲ ಹರಿಹಾಯ್ದಾನವ್ವ, ಕಮಲಾಪುರದ ತನಕ!"

"ಇಲ್ರೀ ಅಜ್ಜಿ, ಸ್ವಲ್ಪ ಜೋರಾಗಿ ಮರ್ಯಾದಿ ಕೊಟ್ಟೆ ಅಷ್ಟ" ಅಂದೆ ನಾನು. ಅಜ್ಜಿ ನಕ್ಕಾಗ ಬಾಯಿಯ ಎಲೆ-ಅಡಿಕೆ ಅರ್ಧ ಹೊರಗೆ ಬಂತು. ವೀರಭದ್ರಪ್ಪನವರೂ ಬೇರೆ ದಾರಿ ಕಾಣದೆ ನಗತೊಡಗಿದರು.

ಶಾಲೆಗೆ ಓಡಬೇಕಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆಯುವಾಗ ನೀಲಮ್ಮ ತಂಬಿಗೆ ಹಿಡಿದು ನೀರು ಹಾಕಿದಳು. ನಾನು ಅವಳಿಗೆ ಹೇಳಿದೆ, ಹೊಸಪೇಟೆಯಲ್ಲೇ ಮನೆ ಹಿಡಿಯುತ್ತೇನೆ, ಎಮ್ಮೆ ಮಾರುತ್ತೇನೆ ಅಂತ.

"ಎಮ್ಮಿ ಯಾಕ ಮಾರ್ತೀರಿ?" ಅಂದಳು. "ಈ ಓಣ್ಯಾಗ ಒಂದು ಸೀರಿ ಒಣಗಿಸಬೇಕಂದ್ರ ಮೂರು ಮನಿ ಕೇಳಬೇಕು. ನನಗ ನಿಮ್ಮೂರಾದ್ರೂ ಸೈ. ಆದ್ರ ಒಂದು ಮಾತು. ಗಂಡ ಉಂಡ ಮ್ಯಾಲ ಹೆಂಡ್ತಿ ಉಣ್ಣಬೇಕಂತಾರ. ನಿಮ್ಮ ಬಸ್ಸು ಯಾವಾಗ ಬರ್ತೈತಿ ಅಂತ ಬಸ್ಸಿಗೇ ಗೊತ್ತಿಲ್ಲ. ನಾನು ಹಸಿವಿ ತಡಿಯಾಕಿ ಅಲ್ಲ. ಅದನ್ನಷ್ಟು ನೋಡಿ ಹೇಳ್ರಿ."

ನನ್ನ ಮುಖದಿಂದ ಕರಿ ನೀರು ಇಳಿಯುತ್ತಿತ್ತು. ಖೋಲಿಯನ್ನು ತೂಗಿದ್ದೆ, ಬಾವಿಯನ್ನು ತೂಗಿದ್ದೆ, ಎಮ್ಮೆಯನ್ನೂ ತೂಗಿದ್ದೆ. ನಾನು ಬಸ್ಸಿನಲ್ಲಿ ಕೂತಷ್ಟು ಹೊತ್ತು ಮನೆಯಲ್ಲಿ ಒಬ್ಬಳು ಹಸಿದು ಕೂರಬೇಕಾಗುತ್ತದೆ ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ನೀವು ಕಾಯಬ್ಯಾಡ್ರಿ, ಉಂಡುಬಿಡ್ರಿ" ಅಂದೆ.

"ಅದನ್ನ ನಿಮ್ಮ ಅವ್ವನ ಮುಂದ ಹೇಳಿ ಬರ್ರಿ. ಆಮ್ಯಾಲ ನಾನು ನಂಬತೀನಿ" ಅಂದು ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಬಸ್ಸು ತಳ್ಳುವುದು ಸುಲಭ, ಈ ಮಾತು ಅವ್ವನಿಗೆ ಹೇಳುವುದು ಕಷ್ಟ. ಅವತ್ತು ಸಂಜೆ ಎಮ್ಮೆಗೆ ಮೇವು ಹಾಕುತ್ತಿದ್ದ ಅವಳ ಹಿಂದೆ ನಿಂತು ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವ್ವ ಎಮ್ಮೆಯ ಬೆನ್ನು ತಿಕ್ಕತೊಡಗಿದಳು.

"ನಿಮ್ಮಪ್ಪ ತ್ವಾಟಕ್ಕ ನೀರು ಕಟ್ಟಾಕ ಹೋಗಾವ" ಅಂದಳು. "ಕಾಲುವಿ ನೀರಿನ ಪಾಳಿ ಮುಗದಾಗ ಬರಾವ. ಹೊಟ್ಟಿ ಹಿಡಕೊಂಡು ಕುಂತಿರ್ತಿದ್ದೆ. ನೀ ಉಣ್ಣು ಅಂತ ಆ ಪುಣ್ಯಾತ್ಮ ಒಂದಿನಾನೂ ಅನ್ನಲಿಲ್ಲ. ಆಕಿ ಬರಲಿ. ಆಕಿ ಜೋಡಿ ನಾನೂ ಹೊತ್ತಿಗೆ ಸರಿಯಾಗಿ ಉಣ್ತೀನಿ."

ಮದುವೆಯಾಯಿತು, ಬುಕ್ಕಸಾಗರದಲ್ಲೇ ಉಳಿದೆವು. ಸೊಸೆ ಮೊದಲೇ ಉಣ್ಣುತ್ತಾಳಂತೆ ಎಂದು ಊರಲ್ಲಿ ಆಡಿಕೊಂಡರು. ಅತ್ತೆಯೂ ಉಣ್ಣುತ್ತಾಳೆಂದು ತಿಳಿದು ಸುಮ್ಮನಾದರು. ಯುದ್ಧ ಮುಗಿದು ಪೆಟ್ರೋಲು ಬರುವವರೆಗೂ ನಾನು ಆ ಬಸ್ಸನ್ನು ತಳ್ಳಿದ್ದೇ ತಳ್ಳಿದ್ದು. ಈಗ ಯಾರಾದರೂ ಊರಲ್ಲಿರುವುದು ಚಲೋ, ಪೇಟೆಯಲ್ಲಿರುವುದು ಚಲೋ ಎಂದು ವಾದ ಹಚ್ಚಿದರೆ ನನಗೆ ಆ ದಿನಗಳು ನೆನಪಾಗುತ್ತವೆ. ಮೈಯೆಲ್ಲ ಮಸಿಯಾಗಿ, ಕಾಲು ಎಳೆಯುತ್ತ ಮನೆಗೆ ಬಂದರೆ, ದೀಪದ ಹತ್ತಿರ ಅತ್ತೆ ಸೊಸೆ ಇಬ್ಬರೂ ಉಂಡು, ಎಲೆ ಹಾಕಿಕೊಂಡು, ಯಾರದೋ ಮನೆಯ ಸುದ್ದಿ ಹೇಳಿಕೊಂಡು ನಗುತ್ತ ಕೂತಿರುತ್ತಿದ್ದರು. ನನ್ನ ರೊಟ್ಟಿ ಒಲೆಯ ಪಕ್ಕ ಮುಚ್ಚಿಟ್ಟಿರುತ್ತಿತ್ತು. ಯಾರೂ ನನಗಾಗಿ ಹಸಿದು ಕೂತಿರುತ್ತಿರಲಿಲ್ಲ. ಆ ಆರಿದ ರೊಟ್ಟಿಯಷ್ಟು ನೆಮ್ಮದಿಯಿಂದ ನಾನು ಮತ್ತೇನನ್ನೂ ತಿಂದಿಲ್ಲ.