ನೀಲಿ ದಾರದ ಚೀಲ

ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮಂಡಿಯ ಸಾವ್ಕಾರರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಹಿಡಿದು ಒಳಗೆ ಬಂದರು. ಆಗಷ್ಟೇ ಲಾರಿ ಬಂದ ಹೊತ್ತನ್ನು ಬರೆದಿದ್ದೆ, ಅದಕ್ಕೇ ಗಂಟೆ ನೆನಪಿದೆ.

ಶಿರಸಿಯ ಆ ಅಡಿಕೆ ಮಂಡಿಯಲ್ಲಿ ಚೀಲಗಳಿಗೆ ಚೀಟಿ ಬರೆಯುವುದು ನನ್ನ ಕೆಲಸ. ಬಿ.ಕಾಂ. ಮುಗಿಸಿ ಇಸಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಡಿಕೆ ಆರಿಸುವ ಹೆಂಗಸರಲ್ಲಿ ಹಿರಿಯರು ದಾಸನಕೊಪ್ಪದವರು. ಎಲ್ಲರಿಗೂ ಅವರು ಅಕ್ಕ. ಆರಿಸಿ ಮುಗಿದ ಚೀಲದ ಬಾಯನ್ನು ಆರಿಸಿದವಳೇ ತನ್ನ ಬಣ್ಣದ ದಾರದಲ್ಲಿ ಹೊಲಿಯಬೇಕು ಎಂಬುದು ಅಲ್ಲಿನ ರೂಢಿ. ಅಕ್ಕನದು ನೀಲಿ. ನೀಲಿ ದಾರ ಕಂಡರೆ ಖರೀದಿದಾರರು ಚೀಲ ಬಿಚ್ಚಿಸುತ್ತಲೇ ಇರಲಿಲ್ಲ.

ಅಂದು ಅಕ್ಕ ಹಿಂದಿನ ದಿನ ಆರಿಸಿಟ್ಟ ಚಾಲಿಯ, ಎಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ, ಚೀಲಕ್ಕೆ ಕೈ ಹಾಕಿ ನೋಡಿ, ದಬ್ಬಣ ಕೆಳಗಿಟ್ಟಿದ್ದರು.

"ಎಂತಕ್ಕೆ ಹೊಲೀಲಿಲ್ಲ?" ಸಾವ್ಕಾರರು ಕೇಳಿದರು.

"ಇದ್ರಲ್ಲಿ ಕೋಕ ಸೇರಿದ್ಯಲ್ರಾ. ಹಾಳಡಿಕೆ. ನಾ ಆರ್ಸಿಟ್ಟ ಮೇಲೆ ಬೆರ್ಸಿದ್ದು ಇದು."

"ನೀ ಎಂತ, ಮಂಡಿ ಮಾಲಕಿಯಾ?"

"ಅಕ್ಕಂಗೊಂದು ಕುರ್ಚಿ ಹಾಕ್ರೋ!" ಎಂದ ಒಬ್ಬ ಹಮಾಲಿ. ಎಲ್ಲರೂ ನಕ್ಕರು. ಅಡಿಕೆ ತಂದಿದ್ದ ರೈತರೂ ನಕ್ಕರು.

"ಎಲ್ಲರೂ ಕೇಳಿ," ಎಂದರು ಸಾವ್ಕಾರರು. "ಇವತ್ತಿಂದ ಇವಳಿಗೆ ಇಲ್ಲಿ ಕೆಲ್ಸ ಇಲ್ಲೆ. ಸಿದ್ದಾಪುರ, ಯಲ್ಲಾಪುರ, ಯಾವ ಮಂಡಿಲೂ ಸೇರಿಸ್ಕಳ್ಳದೇ ಇದ್ದಾಂಗೆ ಮಾಡ್ತೆ. ದಾರ ಕೊಡು ಇಲ್ಲಿ."

"ದಾರ ನಂದು. ಮನೆಯಿಂದ ತಂದದ್ದು."

ಕೊಕ್ಕೆ ಬೀಸಿದ್ದು ನನಗೆ ಕಾಣಲಿಲ್ಲ, ಕೇಳಿಸಿತು. ಅಕ್ಕನ ಭುಜದಿಂದ ಒಂದು ಗೇಣು ದೂರದಲ್ಲಿ ಆ ಚೀಲ ಹರಿದು ಅಡಿಕೆ ಸುರಿಯಿತು. ನಗು ನಿಂತಿತು. ಅಕ್ಕ ಏಳಲಿಲ್ಲ. ಸುರಿದದ್ದನ್ನು ಮಡಿಲಿಗೆ ಎಳೆದುಕೊಂಡು, ದಿನವೂ ಮಾಡುವಷ್ಟೇ ನಿಧಾನವಾಗಿ, ಕೋಕವನ್ನೆಲ್ಲ ಹೆಕ್ಕಿ ಸಾವ್ಕಾರರ ಚಪ್ಪಲಿಯ ಮುಂದೆ ರಾಶಿ ಮಾಡಿದರು. ಆಮೇಲೆ ದಾರದ ಉಂಡೆಯನ್ನು ಬುತ್ತಿ ಚೀಲಕ್ಕೆ ಹಾಕಿ, ಕೆಲಸದವರ ಹಿಂಬಾಗಿಲಿಗೆ ಹೋಗದೆ, ರೈತರ ನಡುವೆ ದಾಟಿ ಮುಂಬಾಗಿಲಿನಿಂದ ಹೊರಟರು.

ಮಧ್ಯಾಹ್ನ ಪೇಟೆಯಿಂದ ಹೊಸ ನೀಲಿ ದಾರ ಬಂತು. ಹಮಾಲಿಯೊಬ್ಬ ಹೆಕ್ಕಿದ್ದ ಕೋಕವನ್ನೂ ಸೇರಿಸಿ ಎಲ್ಲವನ್ನೂ ಬೇರೆ ಚೀಲಕ್ಕೆ ತುಂಬಿ ಬಾಯಿ ಹೊಲಿದ. "ಚಾಲಿ, ಮೊದಲ ದರ್ಜೆ" ಎಂದು ಚೀಟಿ ಬರೆದದ್ದು ನಾನು.

ರಾತ್ರಿ ಮಲಗಿದರೆ ಕೊಕ್ಕೆಯ ಆ ಶಬ್ದ. ಅಕ್ಕ ಒಂದು ಗೇಣು ಈಚೆ ಕುಳಿತಿದ್ದರೆ? ಎದ್ದು ಕೂತರೆ ಚೀಟಿಯ ಮೇಲಿನ ನನ್ನ ದುಂಡನೆಯ ಅಕ್ಷರ.

ಐದನೆಯ ದಿನ ಹಾವೇರಿ ಕಡೆಯ ಖರೀದಿದಾರರೊಬ್ಬರು ಬಂದರು. "ನೀಲಿ ದಾರ ಐತಲ್ಲ, ಬಿಚ್ಚೂದು ಬ್ಯಾಡ್ರಿ. ಅಕ್ಕಾರು ಎಲ್ಲದಾರ?"

"ಹುಷಾರಿಲ್ಲೆ" ಎಂದರು ಸಾವ್ಕಾರರು. ಕೊಕ್ಕೆ ಅವರ ಪಕ್ಕದ ಗೋಡೆಯಲ್ಲೇ ತೂಗುತ್ತಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು.

"ಇದು ಅಕ್ಕ ಹೊಲಿದದ್ದಲ್ಲ. ಬಿಚ್ಚಿ ನೋಡಿ" ಎಂದೆ. ಖರೀದಿದಾರರಿಗೆ ಅಷ್ಟು ಸಾಕಾಯಿತು; ದಾರಕ್ಕೆ ಕೈ ಹಾಕಿದರು.

"ನಿಂಗೂ ಬಾಗ್ಲು ಗೊತ್ತಿದ್ದಲೇ?" ಎಂದರು ಸಾವ್ಕಾರರು. ನಾನೂ ಮುಂಬಾಗಿಲಿನಿಂದಲೇ ಹೊರಬಿದ್ದು ಬನವಾಸಿ ಬಸ್ಸು ಹತ್ತಿದೆ.

ದಾಸನಕೊಪ್ಪದಲ್ಲಿ ಅಕ್ಕ ಜಗಲಿಯಲ್ಲಿ ಕೂತು ನೆರೆಮನೆಯವರ ಅಡಿಕೆ ಆರಿಸುತ್ತಿದ್ದರು. ಚೀಟಿ ಬರೆದದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

"ಬಿಚ್ಚಿದ್ರನೇ ತಂಗಿ?"

"ಬಿಚ್ಚಿದ್ರು."

"ಹಾಂ" ಎಂದು ದಬ್ಬಣಕ್ಕೆ ದಾರ ಪೋಣಿಸಿಕೊಂಡರು.

ಅಂದು ರಾತ್ರಿ ಮನೆಯಲ್ಲಿ ಮಲಗಿದವಳಿಗೆ ಆ ಶಬ್ದ ಕೇಳಲಿಲ್ಲ; ಎಚ್ಚರವಾದಾಗ ಇಸಳೂರಿನಿಂದ ಶಿರಸಿಗೆ ಹೋಗುವ ಮೊದಲ ಬಸ್ಸು ಹೋಗಿಯಾಗಿತ್ತು.